ಎರಡು ವಿಮಾನಗಳ ನಡುವೆ

ಭಾನುವಾರ ರಾತ್ರಿ, ಝುವಾರಿನಗರ.
ಉಂಡ ತಟ್ಟೆ ಸರಿಸಿ ಅಲ್ಲೇ ಕೂತಿದ್ದೇನೆ:
ಗಂಡನ ಸೇಫ್ಟಿ ಷೂ ಬಂದ ಡಬ್ಬಿ, ಕತ್ತರಿ, ಬ್ಲೇಡು,
ಎರಡನೆಯ ತರಗತಿಯ ಪುಸ್ತಕ.
ಡಬ್ಬಿಯ ಮುಚ್ಚಳದಲ್ಲೊಂದು ಕಿಟಕಿ ಕೊರೆಯಬೇಕು,
ಪುಟದ ಮೇಲಿಟ್ಟರೆ ಒಂದೇ ಸಾಲು ಕಾಣುವಷ್ಟು.
ಉಳಿದ ಸಾಲುಗಳು ರಟ್ಟಿನ ಹಿಂದೆ
ತಮ್ಮ ಗಲಾಟೆ ತಾವು ಮಾಡಿಕೊಳ್ಳಲಿ.

ಸಾಲು ಅಂದೆನಲ್ಲ, ನಮ್ಮ ಅಕ್ಷರ ಸಾಲಿನಲ್ಲಿ ಎಲ್ಲಿ ನಿಲ್ಲುತ್ತವೆ?
ತಲೆಯ ಮೇಲೆ ಗುಡಿಸು, ಪಕ್ಕಕ್ಕೆ ಕೊಂಬು,
ಕಾಲಡಿಗೆ ಒತ್ತು.
ಮೊದಲ ಕಿಟಕಿಯಲ್ಲಿ ಒತ್ತುಗಳೆಲ್ಲ ಕತ್ತರಿಸಿಹೋದವು,
ಅಕ್ಕ ಬರೀ ಅಕ,
ಹಣ್ಣು ಹಣು.
ಇನ್ನೊಂದು ಕೊರೆದೆ, ತುಸು ಅಗಲ.
ಈಗ ಕೆಳಗಿನ ಸಾಲಿನ ಗುಡಿಸುಗಳು
ಹೊಸ್ತಿಲಾಚೆಯಿಂದ ಇಣುಕುತ್ತಿವೆ
ಪಕ್ಕದ ಮನೆ ಮಕ್ಕಳ ಹಾಗೆ.

ಇರಲಿ. ಹನುಮೇಶ ಹೇಗೂ ಇಣುಕುವವನೇ.

ಅವನ ಅವ್ವ ರೇಣವ್ವ ಶುಕ್ರವಾರ
ಬಾಂಬೋಳಿ ಆಸ್ಪತ್ರೆಯ ಚೀಟಿ ತಂದಳು
ಸೆರಗಿನ ಗಂಟಿನಲ್ಲಿ, ಬೆವರಿಗೆ ಮೆತ್ತಗಾಗಿ.
"ಏನ್ ಬರದಾರ್ರೀ ಅಕ್ಕೋರೆ? ಗುಳಗಿ ಐತೇನ್ರಿ ಇದಕ್ಕ?"
ನಾಲ್ಕೇ ಅಕ್ಷರ, ಇಂಗ್ಲಿಷಿನವು:
ಎ, ಡಿ, ಎಚ್, ಮತ್ತೆ ಡಿ.
ಒಂದಕ್ಷರದ ಮುಂದೂ ನಿಲ್ಲದ ಹುಡುಗನನ್ನು
ನಾಲ್ಕು ಸೇರಿ ಹಿಡಿದಿದ್ದವು.
ಲಕ್ಷ್ಯ ನಿಲ್ಲೂದಿಲ್ಲ ಅಂತ ಬರದಾರ, ಅಂದೆ.
"ಅದು ನನಗ ಮೊದಲ ಗೊತ್ತಿತ್ತಲ್ರಿ" ಅಂದಳು,
ಬಸ್ಸಿನ ಚಿಲ್ಲರೆ ಎಣಿಸುತ್ತ.

ಲಕ್ಷ್ಯವಿಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ.
ಫ್ಯಾನಿನ ಮೂರನೆಯ ರೆಕ್ಕೆಗೆ ಸುತ್ತಿದ ಟೇಪು,
ಯಾರ ಡಬ್ಬಿಯಲ್ಲಿ ಗುರೆಳ್ಳು ಪುಡಿ,
ಇರುವೆ ಗೋಡೆ ಬಿಟ್ಟು ಕಪ್ಪು ಹಲಗೆಗೆ ಹತ್ತಿದ್ದು,
ಎಲ್ಲ ಅವನಿಗೆ ಮೊದಲು ಗೊತ್ತು.
ನಮ್ಮ ಕಿವಿಗೆ ಬೀಳುವ ಮುನ್ನ
ದಾಬೋಳಿಯ ರನ್‌ವೇ ಅವನ ಮೈಗೆ ಬಂದಿರುತ್ತದೆ:
"ನೀಲೀದು ರೀ! ಅಲ್ಲ, ಕೆಂಪಂದು!"
ತಪ್ಪಿದ್ದು ನಾನು ಕಂಡಿಲ್ಲ.

ಪಾಠದ ಟಿಪ್ಪಣಿಯ ಅಂಚಿನಲ್ಲಿ ಬರೆದುಕೊಂಡಿದ್ದೇನೆ,
ಹತ್ತೂ ಹತ್ತಕ್ಕೆ ಒಂದು,
ಹತ್ತೂವರೆ ಹೊತ್ತಿಗೆ ಇನ್ನೊಂದು,
ನೌಕಾದಳದವಕ್ಕೆ ಹೊತ್ತುಗೊತ್ತಿಲ್ಲ.
ಹೋದ ವಾರದವರೆಗೆ ಅವುಗಳ ಜೊತೆ ಜಗಳಾಡಿದೆ.
ಕಿಟಕಿ ಮುಚ್ಚಿಸಿದೆ. ಸೆಕೆಗೆ ಎಲ್ಲರೂ ಎದ್ದರು.
ನಾಳೆ ಏಳು ನಿಮಿಷ ಓದು,
ವಿಮಾನ ಬಂದರೆ ಓಡು, ನೋಡು,
ಬರುವಾಗ ಒಂದು ಶಬ್ದ ಹಿಡಿದುಕೊಂಡು ಬಾ.
ರೆಕ್ಕೆ. ಹೊಗೆ. ಸದ್ದು.
ಒತ್ತಿದ್ದರೆ ಅದನ್ನು ಕುಣಿದು ತೋರಿಸು, ಕೂರಬೇಕಿಲ್ಲ.
ಹೆಡ್‌ಮಾಸ್ತರರು ಕೇಳಿದರೆ?
ಅದಕ್ಕೆ ಉತ್ತರ ಇನ್ನೂ ತಯಾರಾಗಿಲ್ಲ.

ಇಷ್ಟು ಬರೆಯುವುದರೊಳಗೆ ನಾನೇ ಐದು ಸಲ ಎದ್ದೆ.
ಹಾಲು ಉಕ್ಕಿತು. ಒಂದು ಲೋಟ ತೊಳೆದೆ, ಒಂದೇ.
ಒಣಗಿದ ಬಟ್ಟೆ ತೆಗೆಯಲು ಹೋಗಿ
ಬಂದರಿನ ದೀಪ ನೋಡುತ್ತ ನಿಂತೆ.
ಗುಳೇದಗುಡ್ಡದ ಶಾಲೆಯಲ್ಲಿ
"ಮುಳ್ಳಿನ ಮ್ಯಾಲ ಕುಂತೀಯೇನ?" ಎಂದು
ನನ್ನ ಬೆರಳ ಗೆಣ್ಣಿಗೆ ರೂಲುದೊಣ್ಣೆ ಬಿದ್ದದ್ದು
ಈ ಹೊತ್ತಿನಲ್ಲೇಕೆ ನೆನಪಾಗಬೇಕು.
ಅದಕ್ಕೊಂದು ಚೀಟಿ ಇದ್ದಿರಬಹುದೆಂದು
ನಮಗ್ಯಾರಿಗೂ ಹೊಳೆದಿರಲಿಲ್ಲ.

ಮತ್ತೆ ದಾವಲಬಿ.
ಓಡುವುದಿಲ್ಲ, ಬೀಳುವುದಿಲ್ಲ, ಕಡೆಯ ಸಾಲು,
ಪುಟ ತೆರೆದು ಪುಟದಾಚೆ ಎಲ್ಲೋ ಇರುತ್ತಾಳೆ.
"ಭಾಳ ಶಾಣೇ ಹುಡಿಗಿ, ಸುಮ್ನ ಇರತಾಳ" ಎಂದು
ಎರಡು ವರ್ಷದಿಂದ ಹಾಜರಿ ಹಾಕಿದ್ದೇನೆ.
ಸುಮ್ಮನೆ ಕೂರುವವಳಿಗೆ
ಯಾರು ಚೀಟಿ ಬರೆಸುತ್ತಾರೆ?

ಕೊನೆಯ ವಿಮಾನ ಇಳಿಯಿತು. ತಗಡು ನಡುಗಿತು.
ನಾನೂ ತಲೆ ಎತ್ತಿ, ಅದು ಪೂರ್ತಿ ಇಳಿಯುವವರೆಗೆ
ಕೇಳಿಸಿಕೊಂಡೆ.
ತಿರುಗಿ ನೋಡಿದರೆ ಓದುತ್ತಿದ್ದ ಸಾಲು
ರಟ್ಟಿನ ಕಿಟಕಿಯಲ್ಲಿ ಹಾಗೇ ಇತ್ತು,
ಎಲ್ಲಿಗೂ ಹೋಗದೆ.

ಡಬ್ಬಿಯ ತಳ ಇನ್ನೂ ಉಳಿದಿದೆ.
ಬ್ಲೇಡು ಎಲ್ಲಿಟ್ಟೆ?